80ನ್ನು 100 ಮಾಡಿದರೆ ಮಾಡೆಲ್ ಯಾಕೆ ಕೆಡುತ್ತದೆ? ಕ್ಯಾಡ್ ಕಲಿಯುವವರ ಪ್ರಶ್ನೆ, ಡಿಸೈನರ್ ಉತ್ತರ

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ):
ಮೇಡಂ, ಎರಡು ತಿಂಗಳಿಂದ ವಿಡಿಯೋ ನೋಡಿಕೊಂಡು ಫ್ರೀಕ್ಯಾಡ್ (ಕಂಪ್ಯೂಟರ್ ಮೇಲೆ ಪಾರ್ಟ್ ಮಾಡೆಲ್ ಮಾಡುವ ಸಾಫ್ಟ್‌ವೇರ್) ಕಲಿಯುತ್ತಿದ್ದೇನೆ. ಒಂದು ಎಲ್ ಆಕಾರದ ಬ್ರಾಕೆಟ್ ಮಾಡಿದೆ. ತಳ 80 ಮಿಮೀ ಉದ್ದ, 50 ಅಗಲ, 8 ದಪ್ಪ. ತಳದಲ್ಲಿ ಎರಡು ಹೋಲ್, ಒಳಮೂಲೆಗೆ ಬಲ ಕೊಡುವ ಒಂದು ರಿಬ್, ಅಂಚಿಗೆಲ್ಲ ಫಿಲೆಟ್ (ಅಂಚು ದುಂಡು ಮಾಡೋದು). ವಿಡಿಯೋದಲ್ಲಿ ಇದ್ದ ಹಾಗೇ ಬಂತು, ತುಂಬಾ ಖುಷಿಯಾಯಿತು. ನಿನ್ನೆ ಸುಮ್ನೆ ಉದ್ದ 80 ಇದ್ದದ್ದನ್ನು 100 ಮಾಡಿದೆ. ಹೋಲ್‌ಗಳು ಒಂದು ಪಕ್ಕಕ್ಕೆ ಉಳಿದುಬಿಟ್ಟವು, ರಿಬ್ ಬೇರೆ ಯಾವುದೋ ಮುಖದ ಮೇಲೆ ಹೋಗಿ ಕೂತಿತು, ಫಿಲೆಟ್‌ಗೆ ಎರರ್ ಬಂತು. ಎಲ್ಲ ಅಳಿಸಿ ಮೊದಲಿನಿಂದ ಮಾಡಬೇಕಾ? ನಾನು ತಪ್ಪಿದ್ದು ಎಲ್ಲಿ?

ಉತ್ತರ:
ಅಳಿಸಬೇಡಿ. ಕೆಟ್ಟುಹೋದ ಈ ಫೈಲೇ ಈಗ ನಿಮಗೆ ಒಳ್ಳೆಯ ಪಾಠ. ಒಂದು ಕಾಪಿ ಇಟ್ಟುಕೊಂಡು ಒಂದೊಂದೇ ಬಿಚ್ಚೋಣ.

ಮೊದಲು ಹೋಲ್. ಎಡ ಅಂಚಿನಿಂದ 10ಕ್ಕೆ ಒಂದು, 70ಕ್ಕೆ ಇನ್ನೊಂದು ಅಂತ ಅಳತೆ ಕೊಟ್ಟಿದ್ದೀರಿ ಅನಿಸುತ್ತದೆ. ಉದ್ದ 80 ಇರುವ ತನಕ ಅದು ಸರಿಯಾಗೇ ಕಾಣುತ್ತದೆ. ಎರಡೂ ಕಡೆ 10, ನಡುವೆ 60. ಉದ್ದ 100 ಆದ ಕೂಡಲೇ ಎಡಕ್ಕೆ 10, ಬಲಕ್ಕೆ 30. ಸಾಫ್ಟ್‌ವೇರ್ ಏನೂ ತಪ್ಪು ಮಾಡಿಲ್ಲ, ನೀವು ಹೇಳಿದ್ದನ್ನೇ ಮಾಡಿದೆ.

ಈಗ ನಿಮಗೆ ನಿಜವಾಗಿ ಏನು ಬೇಕಿತ್ತು ಅಂತ ಯೋಚಿಸಿ. ಮೊದಲೇ ಹೋಲ್ ಹಾಕಿರುವ ಒಂದು ಬೇಸ್ ಮೇಲೆ ಈ ಬ್ರಾಕೆಟ್ ಕೂರಬೇಕು ಅಂದರೆ, ಆ 60 ಯಾವತ್ತೂ ಬದಲಾಗಬಾರದು. ಆಗ ಎರಡು ಹೋಲನ್ನೂ ನಡುಗೆರೆಗೆ ಸಿಮೆಟ್ರಿಕ್ ಮಾಡಿ, ನಡುವಿನ ದೂರ 60 ಅಂತ ಕೊಡಿ. ಉದ್ದ 100 ಆದಾಗ ಎರಡೂ ಕಡೆ 20 ಉಳಿಯುತ್ತದೆ. ಹಾಗಲ್ಲದೆ, ಬೋಲ್ಟ್ ಆದಷ್ಟು ಅಂಚಿನ ಹತ್ತಿರವೇ ಇರಬೇಕು ಅಂದರೆ, ಪ್ರತಿ ಹೋಲಿಗೂ ಅದರದೇ ಅಂಚಿನಿಂದ 10 ಕೊಡಿ. ಆಗ ನಡುವಿನ ದೂರ ತಾನಾಗಿ 80 ಆಗುತ್ತದೆ.

80 ಮಿಮೀ ಇದ್ದಾಗ ಈ ಮೂರು ಮಾಡೆಲ್‌ಗಳನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. 100 ಮಾಡಿದಾಗ ಮೂರೂ ಬೇರೆ ಬೇರೆ ಪಾರ್ಟ್. ಯಾವುದು ಬದಲಾಗಬೇಕು, ಯಾವುದು ಹಾಗೇ ಉಳಿಯಬೇಕು ಅನ್ನೋದನ್ನು ಮಾಡೆಲ್ ಒಳಗೆ ಬರೆದಿಡುವುದು, ಕ್ಯಾಡ್‌ನಲ್ಲಿ ಕಲಿಯಬೇಕಾದ ನಿಜವಾದ ಕೆಲಸ ಅದು. ಎಕ್ಸ್‌ಟ್ರೂಡ್ (ಆಕಾರಕ್ಕೆ ದಪ್ಪ ಕೊಡೋದು), ಪಾಕೆಟ್ (ಕೊರೆದು ತೆಗೆಯೋದು), ಫಿಲೆಟ್ ಬಟನ್‌ಗಳನ್ನು ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯಬಹುದು.

ಒಂದು ಅಭ್ಯಾಸ ಹೇಳುತ್ತೇನೆ, ಕೈಯಲ್ಲೇ ಮಾಡಿ. ಒಂದು ಸ್ಕೆಚ್ (ಪಾರ್ಟ್‌ಗೆ ಆಧಾರವಾಗುವ ಚಪ್ಪಟೆ ಚಿತ್ರ) ತೆರೆದು ನಾಲ್ಕು ಗೆರೆಯಿಂದ ಆಯತ ಬರೆಯಿರಿ, ತುದಿಗಳನ್ನು ಒಂದಕ್ಕೊಂದು ಸೇರಿಸಿ. ನಾಲ್ಕು ಮೂಲೆ, ಪ್ರತಿ ಮೂಲೆಗೂ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು ಚಲನೆ. ಅಂದರೆ ಒಟ್ಟು 8 ಸ್ವಾತಂತ್ರ್ಯ. ಎರಡು ಗೆರೆ ಅಡ್ಡ, ಎರಡು ಗೆರೆ ಲಂಬ ಅಂತ ಕಟ್ಟುಪಾಡು, ಅಂದರೆ ಕನ್‌ಸ್ಟ್ರೇಂಟ್ ಕೊಟ್ಟರೆ 4 ಹೋಯಿತು. ಉದ್ದ 80, ಅಗಲ 50 ಅಂದರೆ ಇನ್ನೂ 2 ಹೋಯಿತು. ಉಳಿದ 2 ಏನು? ಆಯತ ಇನ್ನೂ ಹಾಳೆಯ ಮೇಲೆ ಎಲ್ಲಿ ಬೇಕಾದರೂ ಜಾರಬಹುದು. ಎದುರುಬದುರು ಮೂಲೆ ಎರಡನ್ನು ಸೊನ್ನೆ ಬಿಂದುವಾದ ಒರಿಜಿನ್‌ಗೆ ಸಿಮೆಟ್ರಿಕ್ ಮಾಡಿ. ಸೊನ್ನೆಗೆ ಬಂತು. ಫ್ರೀಕ್ಯಾಡ್‌ನಲ್ಲಿ ಗೆರೆಯೆಲ್ಲ ಹಸಿರಾಗುತ್ತದೆ, ಸಾಲಿಡ್‌ವರ್ಕ್ಸ್‌ನಲ್ಲಾದರೆ ನೀಲಿ ಹೋಗಿ ಕಪ್ಪಾಗುತ್ತದೆ. ಎಷ್ಟು ಸ್ವಾತಂತ್ರ್ಯ ಉಳಿದಿದೆ ಅಂತ ಫ್ರೀಕ್ಯಾಡ್ ಪಕ್ಕದಲ್ಲೇ ಲೆಕ್ಕ ತೋರಿಸುತ್ತದೆ. ಸೊನ್ನೆ ಆಗುವ ತನಕ ಸ್ಕೆಚ್ ಮುಚ್ಚಬೇಡಿ. ಏನು ಉಳಿದಿದೆ ಅಂತ ಗೊತ್ತಾಗದಿದ್ದರೆ ಒಂದು ಮೂಲೆ ಹಿಡಿದು ಎಳೆಯಿರಿ, ಯಾವುದು ಅಲ್ಲಾಡುತ್ತದೋ ಅದಕ್ಕೆ ನೀವು ಇನ್ನೂ ಏನೂ ಹೇಳಿಲ್ಲ.

ಈ ಯೋಚನೆ ಹೊಸದಲ್ಲ. 1963ರಲ್ಲೇ ಐವನ್ ಸದರ್ಲ್ಯಾಂಡ್ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲಿ ಲೈಟ್ ಪೆನ್‌ನಿಂದ ಸೊಟ್ಟಗೆ ಗೆರೆ ಎಳೆದು, ಆಮೇಲೆ ಇವೆರಡು ಸಮಾನಾಂತರ ಅಂತ ಹೇಳಿದರೆ ಅದು ತಾನೇ ಸರಿಪಡಿಸಿಕೊಳ್ಳುತ್ತಿತ್ತು. ನೀವು ಇವತ್ತು ಸ್ಕೆಚ್‌ನಲ್ಲಿ ಮಾಡೋದು ಅದನ್ನೇ.

ಇನ್ನು ರಿಬ್. ಅದರ ಸ್ಕೆಚ್ಚನ್ನು ಬ್ರಾಕೆಟ್‌ನ ಯಾವುದೋ ಮುಖದ ಮೇಲೆ ಬರೆದಿದ್ದೀರಿ ಅಲ್ವಾ? ಸಾಫ್ಟ್‌ವೇರ್ ಆ ಮುಖವನ್ನು ನಾವು ನೋಡುವ ಹಾಗೆ ನೋಡಲ್ಲ. 'ಮುಖ 6' ಅಂತ ಒಂದು ನಂಬರ್ ಇಟ್ಟುಕೊಂಡಿರುತ್ತದೆ. ಆಕಾರ ಬದಲಾದಾಗ ಮುಖಗಳ ಎಣಿಕೆಯೂ ಬದಲಾಗಬಹುದು, ಆಗ 6 ಅನ್ನೋದು ಬೇರೆ ಮುಖ ಆಗಿಬಿಡುತ್ತದೆ. ರಿಬ್ ಪಾಪ ಅಲ್ಲಿಗೇ ಹೋಗಿ ಕೂರುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲಿ ಈ ತೊಂದರೆ ಬಹಳ ಕಡಿಮೆಯಾಗಿದೆ. ಹಳೆಯ ಆವೃತ್ತಿ ಇದ್ದರೆ ಮೊದಲು ಅದನ್ನು ಬದಲಾಯಿಸಿ. ಆದರೂ ಮುಖ್ಯವಾದ ಸ್ಕೆಚ್‌ಗಳನ್ನು ಒರಿಜಿನ್‌ನ ಮೂರು ಪ್ಲೇನ್‌ಗಳ ಮೇಲೆ, ಇಲ್ಲವೇ ಅವಕ್ಕೆ ಅಂಟಿದ ಡೇಟಮ್ ಪ್ಲೇನ್ (ನಾವೇ ಸೇರಿಸುವ ಆಧಾರದ ಸಮತಲ) ಮೇಲೆ ಬರೆಯುವ ರೂಢಿ ಮಾಡಿಕೊಳ್ಳಿ. ಆ ಪ್ಲೇನ್‌ಗಳು ಎಲ್ಲಿಗೂ ಓಡಿಹೋಗಲ್ಲ.

ಫಿಲೆಟ್‌ದೂ ಇದೇ ಕಥೆ, ಅಲ್ಲಿ ಅಂಚಿನ ನಂಬರ್. ಹಾಗಾಗಿ ಫಿಲೆಟ್, ಚ್ಯಾಂಫರ್ (ಅಂಚನ್ನು ಓರೆಯಾಗಿ ಕತ್ತರಿಸೋದು) ಎಲ್ಲ ಕಟ್ಟಕಡೆಗೆ. ಸ್ಕೆಚ್ ಒಳಗೇ ಮೂಲೆ ದುಂಡು ಮಾಡಲು ಹೋಗಬೇಡಿ. ಸ್ಕೆಚ್ ಸಣ್ಣದಿದ್ದಷ್ಟೂ ರಿಪೇರಿ ಸುಲಭ.

ಪ್ರಶ್ನೆ (ಇನ್ನೊಬ್ಬರು):
ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು ಮೇಡಂ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ:
ಈಗ ಕೈಗೆ ಸಿಕ್ಕಿರೋದು ಯಾವುದೋ ಅದು. ಫ್ರೀಕ್ಯಾಡ್, ಸಾಲಿಡ್‌ವರ್ಕ್ಸ್, ಫ್ಯೂಷನ್, ಕ್ರಿಯೋ ಎಲ್ಲದರಲ್ಲೂ ಸ್ಕೆಚ್, ಫೀಚರ್, ಅಸೆಂಬ್ಲಿ, ಡ್ರಾಯಿಂಗ್ ಅನ್ನೋ ದಾರಿ ಒಂದೇ. ಬಟನ್ ಇರುವ ಜಾಗ ಬೇರೆ. ಒಂದರಲ್ಲಿ ಗಟ್ಟಿಯಾದವರಿಗೆ ಇನ್ನೊಂದಕ್ಕೆ ಕೈ ಕೂರಲು ಜಾಸ್ತಿ ದಿನ ಬೇಡ. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ, ಅಷ್ಟೇ.

ಪ್ರಶ್ನೆ (ಲೇತ್ ಕೆಲಸದವರು):
ನಮಸ್ಕಾರ ಮೇಡಂ. ನಾನು 18 ವರ್ಷದಿಂದ ಲೇತ್ ಮೇಲೆ ಕೆಲಸ ಮಾಡುತ್ತಿದ್ದೇನೆ. ಡ್ರಾಯಿಂಗ್ ಓದೋದು ಬರುತ್ತದೆ, ಕಂಪ್ಯೂಟರ್ ಮಾತ್ರ ಹೊಸದು. ಸವೆದ ಪಾರ್ಟ್ ಬಂದರೆ ನೋಡಿ ಅಳತೆ ತೆಗೆದು ಮಾಡೆಲ್ ಮಾಡೋದು ಕಲಿಯಬೇಕು. ಎಲ್ಲಿಂದ ಶುರು ಮಾಡಲಿ? ಈ ವಯಸ್ಸಿಗೆ ಆಗುತ್ತಾ?

ಉತ್ತರ:
ಅಣ್ಣ, ಖಂಡಿತ ಆಗುತ್ತದೆ. ಕಲಿಯಲು ಕಷ್ಟವಾದ ಅರ್ಧ ಭಾಗ ನಿಮಗೆ ಆಗಲೇ ಬರುತ್ತದೆ. ಲೋಹ ಹೇಗೆ ಕಟ್ ಆಗುತ್ತದೆ, ಜಾಬ್ ಹೇಗೆ ಹಿಡಿಯಬೇಕು ಅನ್ನೋದನ್ನು ಕಂಪ್ಯೂಟರ್ ಮುಂದೆ ಕೂತು ಕಲಿಯಲು ಆಗಲ್ಲ.

ಒಂದು ಸ್ಟೆಪ್ ಶಾಫ್ಟ್‌ನಿಂದ ಶುರು ಮಾಡಿ. ವಿಡಿಯೋಗಳಲ್ಲಿ ಒಂದರ ಮೇಲೊಂದು ವೃತ್ತ ಬರೆದು ಎಕ್ಸ್‌ಟ್ರೂಡ್ ಮಾಡುತ್ತಾ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಸೆಂಟರ್ ಲೈನ್ ಮೇಲಿನ ಅರ್ಧ ಆಕಾರ ಮಾತ್ರ ಬರೆದು, ಸುತ್ತ ತಿರುಗಿಸಿ. ರಿವಾಲ್ವ್ ಅಂತ ಕಮಾಂಡ್. ಲೇತ್ ಮೇಲೆ ಟೂಲ್ ಹೋಗುವ ದಾರಿಯೇ ಅದು, ನಿಮ್ಮ ಕಣ್ಣಿಗೆ ತಾನಾಗಿ ಒಗ್ಗುತ್ತದೆ. ಉದ್ದದ ಅಳತೆಗಳನ್ನೂ ನೀವು ಜಾಬ್ ಮೇಲೆ ತೆಗೆಯುವ ಹಾಗೆ ಒಂದೇ ಮುಖದಿಂದ ಕೊಡಿ. ಒಂದರ ತುದಿಗೆ ಇನ್ನೊಂದು ಸೇರಿಸುತ್ತಾ ಹೋದರೆ ಟಾಲರೆನ್ಸ್ (ಬಿಡಬಹುದಾದ ಹೆಚ್ಚುಕಡಿಮೆ) ಎಲ್ಲ ಕೂಡುತ್ತಾ ಹೋಗುತ್ತದೆ.

ಸವೆದ ಪಾರ್ಟ್‌ನಲ್ಲಿ ಒಂದು ಎಚ್ಚರ. ವರ್ನಿಯರ್ 19.94 ತೋರಿಸಿತು ಅಂತ ಮಾಡೆಲ್‌ನಲ್ಲಿ 19.94 ಹಾಕಬಾರದು. ಅಲ್ಲಿ ಏನು ಕೂರುತ್ತದೆ ನೋಡಿ. 6204 ಬೇರಿಂಗ್ ಕೂರುತ್ತಿದ್ದರೆ ಅದರ ಒಳ ವ್ಯಾಸ 20, ಹೊರ ವ್ಯಾಸ 47, ಅಗಲ 14. ಹಾಗಾದರೆ ಆ ಜಾಗ ಹುಟ್ಟುವಾಗ 20 ಇತ್ತು. ಮಾಡೆಲ್‌ನಲ್ಲಿ 20 ಹಾಕಿ, ಬಿಗಿ ಎಷ್ಟು ಬೇಕು ಅನ್ನೋದನ್ನು ಡ್ರಾಯಿಂಗ್‌ನಲ್ಲಿ ಹೇಳಿ. ಬೇರಿಂಗ್ ಬಿಗಿಯಾಗಿ ಕೂರಬೇಕಾದ ಕಡೆ ಕೆ6 (ಅಳತೆ ಎಷ್ಟರಿಂದ ಎಷ್ಟರೊಳಗೆ ಇರಬೇಕು ಅನ್ನುವ ಗುರುತು) ಅಂತ ಕೊಡುವುದುಂಟು, ಅಂದರೆ 20.002ರಿಂದ 20.015. ಅದೇ ಬುಷ್ ಒಳಗೆ ಜಾರಬೇಕಾದ ಶಾಫ್ಟ್ ಆದರೆ ಹೋಲ್ ಎಚ್7, ಶಾಫ್ಟ್ ಜಿ6. ಹೋಲ್ 20.000ರಿಂದ 20.021, ಶಾಫ್ಟ್ 19.980ರಿಂದ 19.993. ನಡುವಿನ ಸಡಿಲ ಕಡಿಮೆ ಅಂದರೆ 7 ಮೈಕ್ರಾನ್, ಜಾಸ್ತಿ ಅಂದರೆ 41. ಮಾಡೆಲ್‌ನಲ್ಲಿ ಎರಡೂ 20 ಅಂತಲೇ ಇರುತ್ತದೆ.

ಎರಡು ಹೋಲ್ ನಡುವಿನ ದೂರ ತೆಗೆಯೋದು ನಿಮಗೆ ಗೊತ್ತಿರುತ್ತದೆ, ಕಲಿಯುವ ಹುಡುಗರಿಗೋಸ್ಕರ ಬರೆಯುತ್ತೇನೆ. ಕಣ್ಣಂದಾಜಿನಲ್ಲಿ ಸೆಂಟರ್ ಹಿಡಿಯಬೇಡಿ. ಹೋಲ್‌ಗಳ ಹತ್ತಿರದ ಅಂಚಿನಿಂದ ಅಂಚಿಗೆ ಒಂದು ಅಳತೆ, ದೂರದ ಅಂಚಿನಿಂದ ಅಂಚಿಗೆ ಒಂದು ಅಳತೆ. 51 ಮತ್ತು 69 ಬಂತು ಅಂದುಕೊಳ್ಳಿ. ಕೂಡಿ ಎರಡರಿಂದ ಭಾಗಿಸಿ, 60. ಹೋಲ್‌ಗಳ ವ್ಯಾಸ ಬೇರೆ ಬೇರೆ ಇದ್ದರೂ ಈ ಲೆಕ್ಕ ಸರಿಯಾಗೇ ಬರುತ್ತದೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ):
ಮೇಡಂ, ಮಾಡೆಲ್‌ನಲ್ಲಿ ಸರಿ ಇದ್ದದ್ದು ಮಾಡಲು ಕೊಟ್ಟಾಗ ತಪ್ಪಾಗಿ ಬರುವುದು ಇದೆಯಾ?

ಉತ್ತರ:
ಇದೆ. ನನ್ನಿಂದಲೇ ಆಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ಲೇಟ್‌ಗೆ ಎಂ8 ಬೋಲ್ಟ್ ಹಾಕಬೇಕಿತ್ತು, ಪ್ಲೇಟ್‌ನಲ್ಲೇ ಟ್ಯಾಪ್ ಆಗಬೇಕು, ಅಂದರೆ ಹೋಲ್ ಒಳಗೆ ಥ್ರೆಡ್ ಕೊರೆಯಬೇಕು. ನಾನು ಸ್ಕೆಚ್‌ನಲ್ಲಿ 8 ಮಿಮೀ ವೃತ್ತ ಬರೆದು ಪಾಕೆಟ್ ಮಾಡಿದೆ. ಡ್ರಾಯಿಂಗ್‌ನಲ್ಲೂ ವ್ಯಾಸ 8 ಅಂತಲೇ ಹೋಯಿತು. ಮಷಿನ್‌ನವರು ಬರೆದಿದ್ದ ಹಾಗೆ 8 ಮಿಮೀ ಡ್ರಿಲ್ ಹೊಡೆದರು. 14 ಪ್ಲೇಟ್ ಮೇಜಿನ ಮೇಲೆ ಬಂತು, ಒಂದರಲ್ಲೂ ಥ್ರೆಡ್ ಹಿಡಿಯಲು ಲೋಹ ಉಳಿದಿರಲಿಲ್ಲ. ಎಂ8 ಟ್ಯಾಪ್‌ಗೆ ಡ್ರಿಲ್ 6.8. ಥ್ರೆಡ್‌ನ ಪಿಚ್ 1.25, ಎಂಟರಿಂದ ಅದನ್ನು ಕಳೆದರೆ ಸುಮಾರು ಅಷ್ಟೇ ಬರುತ್ತದೆ. ಬೋಲ್ಟ್ ಬರೀ ತೂರಿಹೋಗಬೇಕಾದ ಹೋಲ್ ಆದರೆ ಸಾಮಾನ್ಯವಾಗಿ 9. ಅಂದರೆ ಎಂ8 ಬೋಲ್ಟ್‌ಗೆ ಬೇಕಾದ ಎರಡು ಹೋಲ್‌ಗಳಲ್ಲಿ ಯಾವುದೂ 8 ಅಲ್ಲ.

ಅವತ್ತಿನಿಂದ ನಾನು ಬೋಲ್ಟ್ ಹೋಲನ್ನು ವೃತ್ತ ಬರೆದು ಮಾಡಿಲ್ಲ. ಹೋಲ್ ಅಂತಲೇ ಒಂದು ಕಮಾಂಡ್ ಇದೆ. ಎಂ8 ಆರಿಸಿ, ಟ್ಯಾಪ್ ಆಗಬೇಕಾ, ತೂರಿಹೋಗಬೇಕಾ ಹೇಳಿದರೆ ಅಳತೆ ಅದೇ ಹಾಕಿಕೊಳ್ಳುತ್ತದೆ. ಡ್ರಾಯಿಂಗ್‌ನಲ್ಲಿ ಥ್ರೆಡ್ ಅಂತ ಬರೆದಿದೆಯಾ ಅನ್ನೋದನ್ನು ಮಾತ್ರ ನೀವೇ ಕಣ್ಣಾರೆ ನೋಡಬೇಕು.

ಇನ್ನೊಂದು, ಮಿಲ್ಲಿಂಗ್ ಪಾಕೆಟ್‌ನ ಒಳಮೂಲೆ. ಪರದೆಯ ಮೇಲೆ ಚೂಪಾದ 90 ಡಿಗ್ರಿ ಮೂಲೆ ಚೆಂದ ಕಾಣುತ್ತದೆ. ತಿರುಗುವ ಕಟರ್ ದುಂಡಗಿರುತ್ತದೆ, ಅದು ಚೂಪು ಮೂಲೆ ಬಿಡಲು ಸಾಧ್ಯವೇ ಇಲ್ಲ. 10 ಮಿಮೀ ಎಂಡ್ ಮಿಲ್ ಆದರೆ ಮೂಲೆಯಲ್ಲಿ ಕನಿಷ್ಠ 5 ರೇಡಿಯಸ್ ಉಳಿಯುತ್ತದೆ. ನೀವು ಸರಿಯಾಗಿ 5 ಅಂತಲೇ ಕೊಟ್ಟರೆ ಕಟರ್ ಮೂಲೆಗೆ ಹೋಗಿ ಒಮ್ಮೆಲೇ ಎರಡೂ ಗೋಡೆ ಕಚ್ಚುತ್ತದೆ, ಕಿರುಗುಟ್ಟುತ್ತದೆ, ಗೋಡೆಯ ಮೇಲೆ ಗುರುತು ಬೀಳುತ್ತದೆ. 6 ಕೊಡಿ, ಮೂಲೆಯಲ್ಲಿ ನಯವಾಗಿ ತಿರುಗಿ ಬರುತ್ತದೆ. ಆ ಪಾಕೆಟ್ ಒಳಗೆ ಚೌಕದ ಪಾರ್ಟ್ ಕೂರಬೇಕಾದರೆ ಅದರ ಮೂಲೆಗೆ ಚ್ಯಾಂಫರ್ ಕೊಡಿ.

ಕಳಿಸುವ ಮುಂಚೆ ತೂಕ ನೋಡುವ ರೂಢಿಯೂ ಒಳ್ಳೆಯದು. 100, 50, 10 ಮಿಮೀ ಸ್ಟೀಲ್ ಪ್ಲೇಟ್ ಸುಮಾರು 390 ಗ್ರಾಂ ಇರಬೇಕು, ಅಲ್ಯೂಮಿನಿಯಂ ಆದರೆ 135. ಮಾಡೆಲ್ ಬೇರೆ ಏನೋ ತೋರಿಸಿದರೆ ಯೂನಿಟ್ ಇಲ್ಲವೇ ಮೆಟೀರಿಯಲ್ ಎಲ್ಲೋ ತಪ್ಪಿದೆ.

ಪ್ರಶ್ನೆ (ಲೇತ್ ಕೆಲಸದವರು):
ಫೈಲ್ ಕಳಿಸುವಾಗ ಕೆಲವರು ಎಸ್‌ಟಿಎಲ್ ಕೇಳುತ್ತಾರೆ, ಕೆಲವರು ಸ್ಟೆಪ್ ಕೇಳುತ್ತಾರೆ. ವ್ಯತ್ಯಾಸ ಏನು?

ಉತ್ತರ:
ಎಸ್‌ಟಿಎಲ್ ಅಂದರೆ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಿಂದ ಮುಚ್ಚಿದ ಹಾಗೆ. ವೃತ್ತ ಅಲ್ಲಿ ನಿಜವಾದ ವೃತ್ತ ಅಲ್ಲ, ತುಂಬಾ ಬದಿಗಳ ಆಕಾರ. ಮಿಮೀ ಅಥವಾ ಇಂಚು ಅನ್ನೋ ಮಾಹಿತಿಯೂ ಅದರಲ್ಲಿ ಇರಲ್ಲ. ತ್ರೀಡಿ ಪ್ರಿಂಟ್‌ಗೆ ಸಾಕು. ಸ್ಟೆಪ್‌ನಲ್ಲಿ ವೃತ್ತ ವೃತ್ತವಾಗೇ ಇರುತ್ತದೆ, ಯೂನಿಟ್ ಇರುತ್ತದೆ, ಮಷಿನಿಂಗ್‌ಗೆ ಅದನ್ನೇ ಕೊಡಿ. ಆದರೆ ನೀವು ಯಾವ ಕ್ರಮದಲ್ಲಿ ಮಾಡಿದಿರಿ ಅನ್ನೋ ಪಟ್ಟಿ ಸ್ಟೆಪ್ ಜೊತೆ ಹೋಗಲ್ಲ. ಮೂಲ ಫೈಲ್ ಜೋಪಾನ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ):
ಮೇಡಂ, ನೀವು ಹೇಳಿದ ಹಾಗೆ ಮಾಡಿದೆ! ತಳ ಒರಿಜಿನ್‌ಗೆ ಸಿಮೆಟ್ರಿಕ್, ಹೋಲ್ ನಡುವೆ 60, ರಿಬ್ ಸ್ಕೆಚ್ ನಡುವಿನ ಪ್ಲೇನ್ ಮೇಲೆ, ಫಿಲೆಟ್ ಕೊನೆಗೆ. ಉದ್ದ 100, 120, 70 ಎಲ್ಲ ಹಾಕಿ ನೋಡಿದೆ, ಒಂದೂ ಕೆಡಲಿಲ್ಲ. ದಪ್ಪ 8 ಇದ್ದದ್ದನ್ನು 12 ಮಾಡಿದಾಗ ಮಾತ್ರ ರಿಬ್‌ನ ಕೆಳಭಾಗ ತಳದ ಒಳಗೆ ಮುಳುಗಿತು.

ಉತ್ತರ:
ಬಹಳ ಚೆನ್ನಾಗಿ ಮಾಡಿದ್ದೀರಿ. 70 ಹಾಕಿ ನೋಡಿದ್ದು ಇನ್ನೂ ಒಳ್ಳೆಯದು. ಕಡಿಮೆ ಮಾಡಿ ನೋಡೋದನ್ನು ಬಹಳ ಜನ ಮರೆಯುತ್ತಾರೆ.

ರಿಬ್ ಸ್ಕೆಚ್‌ನಲ್ಲಿ ಕೆಳಗಿನ ಗೆರೆಗೆ ಒರಿಜಿನ್‌ನಿಂದ 8 ಅಂತ ಅಂಕಿ ಕೊಟ್ಟಿದ್ದೀರಿ. ಆ 8 ತಳದ ದಪ್ಪವೇ ಅನ್ನೋದು ನಿಮಗೆ ಗೊತ್ತು, ಮಾಡೆಲ್‌ಗೆ ಗೊತ್ತಿಲ್ಲ. ಒಂದು ಸ್ಪ್ರೆಡ್‌ಶೀಟ್ ಸೇರಿಸಿ, ಅದರಲ್ಲಿ ಉದ್ದ, ಅಗಲ, ದಪ್ಪ ಅಂತ ಮೂರು ಸೆಲ್‌ಗೆ ಹೆಸರು ಕೊಡಿ. ತಳಕ್ಕೆ ದಪ್ಪ ಕೊಟ್ಟ ಪ್ಯಾಡ್‌ನಲ್ಲೂ ರಿಬ್‌ನ ಆ ಗೆರೆಯಲ್ಲೂ ಅಂಕಿ ತೆಗೆದು ದಪ್ಪದ ಸೆಲ್‌ಗೆ ಜೋಡಿಸಿ. ನಿಂತಿರುವ ಗೋಡೆಯ ದಪ್ಪಕ್ಕೂ ಅದೇ ಸೆಲ್ ಬೇಕಾ, ಬೇರೆಯದು ಬೇಕಾ ಅಂತ ಮೊದಲು ತೀರ್ಮಾನ ಮಾಡಿ. ಬಗ್ಗಿಸಿದ ಶೀಟ್ ಆದರೆ ಎರಡೂ ಒಂದೇ, ವೆಲ್ಡಿಂಗ್ ಮಾಡಿದ್ದಾದರೆ ಬೇರೆ ಇರಬಹುದು. ಆಮೇಲೆ 12 ಹಾಕಿ. ರಿಬ್ ಮೇಲೆದ್ದು ಕೂತರೆ ಫೈಲ್ ಇಲ್ಲೇ ಹಾಕಿ, ಅಸೆಂಬ್ಲಿ ಅದರಿಂದಲೇ ಶುರು ಮಾಡೋಣ.