ರೊಮಾನೆ-ಕಾಂಟಿಯ ವೈನನ್ನು ಹರಾಜಿನಲ್ಲಿ ಕೊಳ್ಳುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಕೇಶ್ವಾಪುರ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿ ನೆಲೆಸಿರುವ ನನ್ನ ತಮ್ಮನೂ ನಾನೂ ಕೂಡಿ, ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಡೊಮೇನ್ ಡ ಲಾ ರೊಮಾನೆ-ಕಾಂಟಿ ಸಂಸ್ಥೆಯ ಕೆಂಪು ವೈನನ್ನು ಅಲ್ಲಿಯ ಹರಾಜೊಂದರಲ್ಲಿ ಕೊಳ್ಳುವ ವಿಚಾರದಲ್ಲಿದ್ದೇವೆ. ಹಳೆಯ ನಾಣ್ಯಗಳ ಸಂಗ್ರಹ ನನಗೆ ಮೊದಲಿನಿಂದಲೂ ಇದೆ. ನಾಣ್ಯವನ್ನಾದರೆ ತೂಗಿ, ಅಂಚು ನೋಡಿ, ಅಚ್ಚನ್ನು ಹೋಲಿಸಿ ಖಾತ್ರಿ ಮಾಡಿಕೊಳ್ಳಬಹುದು. ಬೂಚು ಜಡಿದ ಬಾಟಲಿಯೊಳಗೆ ಇರುವುದು ಅಸಲಿಯೋ ನಕಲಿಯೋ ಎಂದು ತೆರೆಯದೆ ಅರಿಯುವುದು ಹೇಗೆಂಬುದು ಬಗೆಹರಿಯುತ್ತಿಲ್ಲ. ಅದೇ ಸಂಸ್ಥೆಯ ಎಶೆಜೋ ವೈನಿಗಿಂತ ರೊಮಾನೆ-ಕಾಂಟಿಯ ಅಂದಾಜು ಬೆಲೆ ಹಲವು ಪಟ್ಟು ಹೆಚ್ಚಿರುವುದಕ್ಕೆ ಕಾರಣವೇನು? ಬಾಟಲಿಯನ್ನು ಇಲ್ಲಿಗೆ ತರಿಸಿ ಬ್ಯಾಡಗಿಯ ಶೀತಲಗೃಹದಲ್ಲಿ ಇರಿಸಬಹುದೆಂಬ ಸಲಹೆಯೂ ಮನೆಯಲ್ಲಿ ಬಂದಿದೆ. ತಿಳಿದವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಉತ್ತರ 1 (ಗದಗ)

ಲಂಡನ್ನಿನ ವೈನ್ ಗೋದಾಮೊಂದರಲ್ಲಿ ಬಹುಕಾಲ ಕೆಲಸ ಮಾಡಿ ಈಗ ಗದಗಿಗೆ ಮರಳಿದ್ದೇನೆ. ಮೊದಲು ಬೆಲೆಯ ಮಾತು. ವೋನ್-ರೊಮಾನೆ ಗ್ರಾಮದಲ್ಲಿ ಈ ಸಂಸ್ಥೆಯೊಂದಕ್ಕೇ ಸೇರಿದ ರೊಮಾನೆ-ಕಾಂಟಿ ಎಂಬ ತೋಟವಿದೆ. 1760ರಲ್ಲಿ ಕಾಂಟಿಯ ರಾಜಕುಮಾರ ಕೊಂಡ ಆ ತೋಟದ ವಿಸ್ತೀರ್ಣ ಸುಮಾರು 1.8 ಹೆಕ್ಟೇರ್, ಅಂದರೆ ನಾಲ್ಕೂವರೆ ಎಕರೆಗಿಂತ ತುಸು ಕಡಿಮೆ. ಅಲ್ಲಿಯ ಪಿನೋ ನ್ವಾರ್ ದ್ರಾಕ್ಷಿಯಿಂದ ವರ್ಷಕ್ಕೆ ಕೆಲವೇ ಸಾವಿರ ಬಾಟಲಿಗಳು ಸಿದ್ಧವಾಗುತ್ತವೆ. ಎಶೆಜೋ ಪ್ರದೇಶವಾದರೋ ಹಲವು ಒಡೆಯರ ನಡುವೆ ಹಂಚಿಹೋಗಿದ್ದು, ಅದೇ ಹೆಸರಿನ ವೈನನ್ನು ಅನೇಕರು ತಯಾರಿಸುತ್ತಾರೆ. ಆದ್ದರಿಂದ ಇಲ್ಲಿರುವುದು ಬರೀ ರುಚಿಯ ಅಂತರವಲ್ಲ. ಲೋಕದಲ್ಲಿ ಎಷ್ಟು ಬಾಟಲಿ ಉಳಿದಿವೆ ಎಂಬ ಲೆಕ್ಕವೂ ಬೆಲೆಯೊಳಗೆ ಸೇರಿದೆ.

ಆದರೆ ಹರಾಜಿನಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಬೆಲೆ ತರುವುದು ಬಾಟಲಿಯ ಪೂರ್ವಾಪರ. 2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೋದೆಬಿ ಹರಾಜಿನಲ್ಲಿ 1945ರ ರೊಮಾನೆ-ಕಾಂಟಿಯ ಒಂದು ಬಾಟಲಿ 5,58,000 ಡಾಲರಿಗೆ, ಇನ್ನೊಂದು 4,96,000 ಡಾಲರಿಗೆ ಮಾರಾಟವಾದವು. ಮೊದಲಿನದರ ಅಂದಾಜು ಇದ್ದದ್ದು 32,000 ಡಾಲರ್ ಮಾತ್ರ. ಸವಾಲು ಅಷ್ಟು ಎತ್ತರಕ್ಕೆ ಏರಲು ಎರಡು ಕಾರಣಗಳಿದ್ದವು. ಅವು ಬರ್ಗಂಡಿಯ ವೈನ್ ವ್ಯಾಪಾರಿ ರೊಬೇರ್ ದ್ರೂಆಂ ಅವರ ಸ್ವಂತ ನೆಲಮಾಳಿಗೆಯಿಂದ ಬಂದಿದ್ದವು, ಆದ್ದರಿಂದ ನಡುವೆ ಯಾರ ಕೈ ಸೇರಿದ್ದವೆಂಬ ಸಂಶಯಕ್ಕೆ ಎಡೆಯಿರಲಿಲ್ಲ. ಜೊತೆಗೆ 1945ರ ಫಸಲು ಹಳೆಯ ಬಳ್ಳಿಗಳ ಕೊನೆಯ ಫಸಲಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿದಾಗ, ಉಳಿದವರು ಅಮೆರಿಕದ ಬೇರಿಗೆ ಕಸಿ ಕಟ್ಟಿಸಿಕೊಂಡರೂ, ಈ ತೋಟದವರು ನೆಲಕ್ಕೆ ಕಾರ್ಬನ್ ಡೈಸಲ್ಫೈಡ್ ಉಣಿಸುತ್ತ ಸ್ವಂತ ಬೇರಿನ ಬಳ್ಳಿಗಳನ್ನೇ ಕಾಪಾಡಿಕೊಂಡು ಬಂದಿದ್ದರು. ಯುದ್ಧಕಾಲದಲ್ಲಿ ಆ ರಾಸಾಯನಿಕ ಸಿಗದಾಯಿತು, ಬಳ್ಳಿಗಳು ಸೊರಗಿದವು. ಆ ವರ್ಷ ಸುಮಾರು 600 ಬಾಟಲಿ ತುಂಬಿಸಿದ ಮೇಲೆ ಬಳ್ಳಿಗಳನ್ನು ಕಿತ್ತು ಹೊಸದಾಗಿ ನೆಟ್ಟರು. ಮುಂದಿನ ರೊಮಾನೆ-ಕಾಂಟಿ ಬಂದದ್ದು 1952ರಲ್ಲಿ. ಎಂದ ಮೇಲೆ 1946ರಿಂದ 1951ರವರೆಗಿನ ಯಾವುದೇ ವರ್ಷವನ್ನು ಹೊತ್ತ ರೊಮಾನೆ-ಕಾಂಟಿ ನಕಲಿಯೇ ಸರಿ; ಅದನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ.

ಇಂಥ ತಿಳಿವಳಿಕೆಯೇ ದೊಡ್ಡ ವಂಚನೆಯೊಂದನ್ನು ಹೊರಗೆಳೆಯಿತು. 2008ರಲ್ಲಿ ನ್ಯೂಯಾರ್ಕಿನ ಹರಾಜೊಂದಕ್ಕೆ ಪೊನ್ಸೊ ಮನೆತನದ ಕ್ಲೋ ಸೆಂ-ದನಿ ವೈನಿನ 1945ರಷ್ಟು ಹಳೆಯ ಬಾಟಲಿಗಳು ಬಂದಿದ್ದವು. ತಮ್ಮ ಮನೆಯವರು ಆ ವೈನನ್ನು ತಯಾರಿಸತೊಡಗಿದ್ದೇ 1980ರ ದಶಕದಲ್ಲಿ ಎಂದು ಲೊರಾಂ ಪೊನ್ಸೊ ಅವರು ತಾವೇ ಬಂದು ಆಕ್ಷೇಪಿಸಿದ್ದರಿಂದ ಬಾಟಲಿಗಳನ್ನು ಹಿಂತೆಗೆಯಲಾಯಿತು. ಅವುಗಳನ್ನು ಕಳುಹಿಸಿದ್ದ ರೂಡಿ ಕುರ್ನಿಯಾವಾನ್ 2012ರಲ್ಲಿ ಬಂಧನಕ್ಕೊಳಗಾಗಿ, 2014ರಲ್ಲಿ ಹತ್ತು ವರ್ಷಗಳ ಸೆರೆಮನೆ ಶಿಕ್ಷೆಗೆ ಗುರಿಯಾದನು. ಅವನ ಕೈದಾಟಿದ ಬಾಟಲಿಗಳಲ್ಲಿ ಕೆಲವು ಇನ್ನೂ ಸಂಗ್ರಾಹಕರ ನಡುವೆ ಸುತ್ತುತ್ತಿರಬಹುದೆಂಬ ಅಂಜಿಕೆ ವ್ಯಾಪಾರಸ್ಥರಲ್ಲಿ ಇಂದಿಗೂ ಇದೆ, ಮತ್ತು ಅದು ಅಕಾರಣವಾದ ಅಂಜಿಕೆಯಲ್ಲ.

ತಾವು ಹರಾಜು ಮನೆಗೆ ಬರೆದು, ಮಾರುವವರು ಯಾರಿಂದ ಯಾವಾಗ ಕೊಂಡರು, ಅಂದಿನಿಂದ ಎಲ್ಲಿ ಇಟ್ಟಿದ್ದರು, ಮೂಲ ರಸೀದಿ ಇದೆಯೇ ಎಂಬುದನ್ನು ಕೇಳಿರಿ. ಲೇಬಲ್ಲಿನ ಮೇಲಿನ ಕ್ರಮಸಂಖ್ಯೆ ಸ್ಪಷ್ಟವಾಗಿ ಕಾಣುವಂಥ ಚಿತ್ರಗಳನ್ನು ತರಿಸಿಕೊಳ್ಳಿರಿ. ಬರ್ಗಂಡಿಯ ಬಾಟಲಿಗೆ ಭುಜ ಇಳಿಜಾರಾಗಿರುವುದರಿಂದ ವೈನಿನ ಮಟ್ಟವನ್ನು ಬೂಚಿನಿಂದ ಕೆಳಗೆ ಎಷ್ಟು ಸೆಂಟಿಮೀಟರ್ ಎಂದು ಹೇಳುತ್ತಾರೆ. ಬಹಳ ಹಳೆಯ ಬಾಟಲಿಯಲ್ಲಿ ಮಟ್ಟ ಕೊಂಚವೂ ಇಳಿಯದಿದ್ದರೆ ಹಿಗ್ಗಬೇಡಿರಿ, ಕಾರಣ ಕೇಳಿರಿ. ಉತ್ತರ ಅಸ್ಪಷ್ಟವಾಗಿದ್ದರೆ ಆ ಲಾಟನ್ನು ಬಿಟ್ಟುಬಿಡುವುದೇ ಮೇಲು.

ಉತ್ತರ 2 (ಸಪ್ತಾಪುರ, ಧಾರವಾಡ)

ಭೌತಶಾಸ್ತ್ರ ಕಲಿಸಿದವನಾಗಿ ಒಂದು ವಿಷಯ ಸೇರಿಸುತ್ತೇನೆ. ಬಾಟಲಿಯನ್ನು ತೆರೆಯದೆ ಮಾಡುವ ಪರೀಕ್ಷೆಯೊಂದು ಇದೆ. 1945ರಲ್ಲಿ ಅಣುಬಾಂಬಿನ ಸ್ಫೋಟಗಳು ಆರಂಭವಾದ ಮೇಲೆ ಸೀಸಿಯಂ-137 ಎಂಬ ವಿಕಿರಣಶೀಲ ಧಾತು ವಾತಾವರಣವನ್ನು ಸೇರಿ, ಅಲ್ಲಿಂದ ದ್ರಾಕ್ಷಿಗೂ ವೈನಿಗೂ ಇಳಿಯಿತು. ಅದು ಹೊರಸೂಸುವ ಗಾಮಾ ಕಿರಣಗಳು ಗಾಜನ್ನು ದಾಟಿ ಬರುವುದರಿಂದ ಹೊರಗಿನಿಂದಲೇ ಅಳೆಯಬಹುದು. ಫ್ರಾನ್ಸಿನ ವಿಜ್ಞಾನಿ ಫಿಲಿಪ್ ಹ್ಯೂಬರ್ ಅವರು ಈ ವಿಧಾನವನ್ನು ವೈನಿಗೆ ಅಳವಡಿಸಿದರು.

ಇದರ ಮಿತಿಯನ್ನೂ ಅರಿತಿರಬೇಕು. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ, ಅಮೆರಿಕದ ಅಧ್ಯಕ್ಷ ಜೆಫರ್ಸನ್ನರದೆಂದು ಹೇಳಲಾದ 1787ರ ಲಾಫಿತ್ ಬಾಟಲಿ 1,05,000 ಪೌಂಡಿಗೆ ಮಾರಾಟವಾಯಿತು. ಅದೇ ಮೂಲದಿಂದ ಬಂದ ಬಾಟಲಿಗಳನ್ನು ಕೊಂಡಿದ್ದ ಬಿಲ್ ಕೋಕ್ ಅವರು ಪರೀಕ್ಷೆಗೆ ಕೊಟ್ಟಾಗ ಸೀಸಿಯಂ ಸಿಗಲಿಲ್ಲ. ಗಾಜಿನ ಮೇಲಿನ ಕೆತ್ತನೆ ವಿದ್ಯುತ್ ಉಪಕರಣದಿಂದ ಮಾಡಿದ್ದೆಂಬ ಅಂಶದಿಂದ ಮೋಸ ಬಯಲಾಯಿತು. ಸೀಸಿಯಂ ಕಂಡರೆ, ವೈನು 1945ಕ್ಕಿಂತ ಹಳೆಯದೆಂಬ ಮಾತು ಸುಳ್ಳೆಂದು ಗೊತ್ತಾಗುತ್ತದೆ. ಕಾಣದಿದ್ದರೆ ಲೇಬಲ್ಲಿನ ವರ್ಷ ನಿಜವೆಂದು ಸಿದ್ಧವಾಗುವುದಿಲ್ಲ. 1990ರ ದಶಕದ ಎಶೆಜೋ ಕೊಳ್ಳುವುದಾದರೆ ಈ ಪರೀಕ್ಷೆಯಿಂದ ತಮಗೆ ಹೆಚ್ಚಿನ ಪ್ರಯೋಜನವಿಲ್ಲ. ಗದಗಿನವರು ಹೇಳಿದ ಕಾಗದಪತ್ರಗಳೇ ಆಧಾರ.

ಉತ್ತರ 3 (ಹಾವೇರಿ)

ನಾನು ತೆರಿಗೆ ಲೆಕ್ಕಪತ್ರ ನೋಡುವವನು. ಕೂಗಿದ ಬೆಲೆಯ ಮೇಲೆ ಹರಾಜು ಮನೆಯವರು ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ಶುಲ್ಕ ಸೇರಿಸುತ್ತಾರೆ. ತಮ್ಮ ಗರಿಷ್ಠ ಸವಾಲನ್ನು ಅದನ್ನು ಕಳೆದೇ ನಿಗದಿ ಮಾಡಿಕೊಳ್ಳಿರಿ. ಇಲ್ಲಿಂದ ಹಣ ಕಳುಹಿಸುವುದಾದರೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಬ್ಬರಿಗೆ ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರಿನ ಮಿತಿಯಿದೆ. ಭಾರತದಲ್ಲಿ ಆಮದು ವೈನಿನ ಸುಂಕ ಬಹುಕಾಲ ಶೇ. 150ರ ಮಟ್ಟದಲ್ಲಿತ್ತು, ಆದ್ದರಿಂದ ತರಿಸುವ ವಿಚಾರವಿದ್ದರೆ ಆ ದಿನದ ದರವನ್ನು ಕಸ್ಟಮ್ಸ್‌ನವರಲ್ಲಿಯೇ ವಿಚಾರಿಸಬೇಕು. ಪ್ರಯಾಣಿಕರು ಎರಡು ಲೀಟರ್ ತರಬಹುದೆಂಬ ಮಾತನ್ನು ನಂಬಿ ತಮ್ಮನವರ ಕೈಯಲ್ಲಿ ತರಿಸಬೇಡಿರಿ. ಸುಂಕವಿಲ್ಲದೆ ತರುವ ಸಾಮಾನಿನ ಒಟ್ಟು ಮೌಲ್ಯಕ್ಕೂ ಮಿತಿಯಿದೆ, ಈ ಬಾಟಲಿ ಅದನ್ನು ಮೀರುತ್ತದೆ.

ಬ್ಯಾಡಗಿಯ ಶೀತಲಗೃಹದ ವಿಚಾರ ಬೇಡವೇ ಬೇಡ. ಅಲ್ಲಿಯ ತಂಪು ಮೆಣಸಿನಕಾಯಿಗೆ ತಕ್ಕದ್ದು. ವೈನಿಗೆ ಬೇಕಾದ 12ರಿಂದ 14 ಡಿಗ್ರಿಗಿಂತ ಅದು ಬಹಳ ಕಡಿಮೆ, ಮೇಲಾಗಿ ಘಾಟು ಬೂಚಿನ ಮೂಲಕ ಒಳಗಿಳಿಯುವ ಭಯವಿದೆ. ಮನೆಯಲ್ಲಿ ಇಡುವುದಾದರೆ ಏಪ್ರಿಲ್-ಮೇ ತಿಂಗಳ ಬಿಸಿಲಿಗೂ ಕರೆಂಟ್ ಹೋದ ಹೊತ್ತಿಗೂ ಉತ್ತರ ಬೇಕಾಗುತ್ತದೆ. ಬ್ರಿಟನ್ನಿನ ಬಾಂಡೆಡ್ ಗೋದಾಮಿನಲ್ಲಿಯೇ ಬಿಟ್ಟರೆ ಹೊರತೆಗೆಯುವವರೆಗೆ ಅಲ್ಲಿಯ ಅಬಕಾರಿ ಸುಂಕವೂ ವ್ಯಾಟ್ ತೆರಿಗೆಯೂ ಬೀಳುವುದಿಲ್ಲ, ಸಂಗ್ರಹದ ದಾಖಲೆಯೂ ಮುರಿಯದೆ ಮುಂದುವರಿಯುತ್ತದೆ. ಗೋದಾಮಿನ ಖಾತೆಯನ್ನು ತಮ್ಮಿಬ್ಬರ ಹೆಸರಿನಲ್ಲಿಯೂ ತೆರೆಸಿ, ವಿಮೆಯನ್ನು ಕೊಂಡ ಬೆಲೆಗಲ್ಲದೆ ಮಾರುಕಟ್ಟೆಯ ಬೆಲೆಗೆ ಮಾಡಿಸಿಕೊಳ್ಳಿರಿ.