ರಜೆಯಲ್ಲಿ ಮಗನಿಗೆ ದಿನಾ ಕಾಪಿ ಬರೆಸಬೇಕಾ?

ಪ್ರಶ್ನೆ (ಮೂಡಿಗೆರೆ ಕಡೆಯ ಒಬ್ಬ ತಾಯಿ): ಮೇಡಂ, ಮಗ ಮೂರನೇ ಕ್ಲಾಸ್ ಮುಗಿಸಿದ್ದಾನೆ, ಇಂಗ್ಲಿಷ್ ಮೀಡಿಯಂ. ಏಪ್ರಿಲ್‌ನಲ್ಲಿ ರಜೆ ಸಿಕ್ಕಿದ್ದೇ ತಡ, ಮೇ ಮುಗಿಯೋವರೆಗೂ ಪುಸ್ತಕ ಮುಟ್ಟಲ್ಲ. ದಿನಕ್ಕೊಂದು ಪುಟ ಕಾಪಿ ಬರಿ ಅಂತ ಕೂರಿಸಿದರೆ ಅಳು, ಜಗಳ. ಬಿಟ್ಟರೆ ಜೂನ್‌ಗೆ ಒತ್ತಕ್ಷರ ಪೂರ್ತಿ ಮರೆತಿರುತ್ತಾನೆ. ಏನು ಮಾಡಲಿ?

ಉತ್ತರ (ಪ್ರಾಥಮಿಕ ಶಾಲಾ ಶಿಕ್ಷಕಿ, ಚಿಕ್ಕಮಗಳೂರು): ಕಾಪಿ ನಿಲ್ಲಿಸಿಬಿಡಿ ಅಮ್ಮ. ಅಕ್ಷರ ದುಂಡಗಾಗಬಹುದು, ಆದರೆ ನೋಡಿ ಬರೆಯುವಾಗ ಮಗು ಪದ ನೆನಪಿಸಿಕೊಳ್ಳಬೇಕಾದ ಕೆಲಸವೇ ಇರಲ್ಲ. ಅವನು ಬರೆದದ್ದು ಮನೆಯಲ್ಲಿ ಯಾರಿಗಾದರೂ ಬೇಕಾಗಬೇಕು, ಆಗ ತಾನಾಗೇ ಬರೆಯುತ್ತಾನೆ.

ನಿಮ್ಮದು ತೋಟದ ಮನೇನಾ? ಹಾಗಿದ್ದರೆ ಮಳೆ ಲೆಕ್ಕದ ಪುಸ್ತಕ ಇದ್ದೇ ಇರುತ್ತಲ್ಲ, ಅದನ್ನ ಈ ರಜೆಗೆ ಅವನ ಕೈಗೆ ಕೊಡಿ. ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಮಳೆ ಮಾಪಕದಲ್ಲಿ ಅಳತೆ ನೋಡಲಿ, ತಾರೀಖು ಹಾಕಲಿ, ಎಷ್ಟು ಇಂಚು ಎಷ್ಟು ಸೆಂಟು ಅಂತ ಬರೆಯಲಿ. 100 ಸೆಂಟಿಗೆ ಒಂದು ಇಂಚು, ಹಾಗಾಗಿ ದಶಾಂಶದ ಲೆಕ್ಕವೂ ಈಗಲೇ ಅಭ್ಯಾಸ ಆಗುತ್ತೆ. ಪಕ್ಕದಲ್ಲಿ ಒಂದೇ ಒಂದು ಸಾಲು, ಅವನದೇ ಮಾತು. "ನಿನ್ನೆ ರಾತ್ರಿ ಗುಡುಗು. 85 ಸೆಂಟು ಬಿದ್ದಿದೆ. ಕರೆಂಟ್ ಇಲ್ಲ." ಇಷ್ಟರಲ್ಲೇ ನ್ನೆ, ತ್ರಿ, ದ್ದಿ, ಲ್ಲ ಎಲ್ಲಾ ಬಂದುಹೋಯ್ತು ನೋಡಿ! ಮಳೆ ಬರದ ದಿನ "ಇಲ್ಲ" ಅಂತ ಬರೆದು, ಯಾವ ನಕ್ಷತ್ರದ ಮಳೆ ನಡೀತಿದೆ ಅಂತ ಅಜ್ಜನ್ನ ಕೇಳಿ ಬರೆಯಲಿ. ಏಪ್ರಿಲ್ ಕೊನೆಗೆ ಭರಣಿ, ಮೇ ಮಧ್ಯಕ್ಕೆ ಕೃತ್ತಿಕೆ, ಆಮೇಲೆ ರೋಹಿಣಿ. ಕೃತ್ತಿಕೆ ಅಂತ ಬರೆಯೋದು ದೊಡ್ಡವರಿಗೇ ಕಷ್ಟ, ತಪ್ಪಾದರೆ ಆಗಲಿ ಬಿಡಿ. ಸಂಜೆ ಅದನ್ನ ಅಪ್ಪನಿಗೆ ಓದಿ ಹೇಳಲಿ, ಅಪ್ಪನೂ ಮೊಬೈಲ್ ಕೆಳಗಿಟ್ಟು ಕೇಳಬೇಕು.

ಒತ್ತಕ್ಷರದ ಬಗ್ಗೆ ಒಂದು ಮಾತು. ಹೆಚ್ಚಿನ ಒತ್ತುಗಳು ಮೂಲ ಅಕ್ಷರವನ್ನೇ ತಲೆಕಟ್ಟು ತೆಗೆದು ಕೆಳಗೆ ಬರೆದ ಹಾಗಿರುತ್ತವೆ, ಅವನ್ನ ಮಕ್ಕಳು ಊಹಿಸಿಕೊಳ್ಳುತ್ತಾರೆ. ಮೂಲ ಅಕ್ಷರವನ್ನು ಹೋಲದೆ ಇರೋವು ತ, ನ, ಮ, ಯ, ರ, ಲ ಇವುಗಳ ಒತ್ತು. ಮರೆಯೋದು ಬಹುಪಾಲು ಇವನ್ನೇ. ಅಮ್ಮ, ಅಣ್ಣ, ಅಕ್ಕ, ಹತ್ತು, ಹಲ್ಲು ಬರೆಸಿ ನೋಡಿ, ಅಕ್ಕ ಅಣ್ಣ ಸರಿ ಬರೆದವನು ಹತ್ತು ಹಲ್ಲಲ್ಲಿ ತಡವರಿಸಿದರೆ ಎಲ್ಲಿ ಕೈ ಹಿಡಿಯಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಇನ್ನೊಬ್ಬರು (ಹಾಸನ ಟೌನ್): ನಮಗೆ ತೋಟ ಇಲ್ಲ ಮೇಡಂ, ಬಾಡಿಗೆ ಮನೆ. ಮಗಳಿಗೆ ಏಳು ವರ್ಷ. ಹಾಲು ಅನ್ನೋದನ್ನ 'ಆಲು' ಅಂತಾನೇ ಬರೀತಾಳೆ.

ಉತ್ತರ: ತೋಟವೇ ಬೇಕು ಅಂತೇನಿಲ್ಲ, ದಿನಸಿ ಚೀಟಿ ಸಾಕು. ನೀವು ಹೇಳಿ, ಅವಳು ಬರೆಯಲಿ, ಅಂಗಡಿಯಲ್ಲಿ ಅವಳೇ ಓದಿ ಹೇಳಲಿ. ಬಸ್ ಸ್ಟ್ಯಾಂಡಿಗೆ ಹೋದರೆ ಬೋರ್ಡ್ ಓದಿಸಿ: ಬೇಲೂರು, ಸಕಲೇಶಪುರ, ಅರಸೀಕೆರೆ, ಚನ್ನರಾಯಪಟ್ಟಣ. ಹಳ್ಳಿಯ ಅಜ್ಜಿ ಮನೆಗೆ ಹೋದರೆ ಅಲ್ಲಿನ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಈಗ ಅದನ್ನ ಅರಿವು ಕೇಂದ್ರ ಅಂತಾರೆ. 'ಓದುವ ಬೆಳಕು' ಅಂತ 2020ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಮೊಬೈಲ್‌ನಲ್ಲೇ ಆಗಬೇಕು ಅಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಇದೆ. ಕನ್ನಡ ಕಥೆಗಳು ದುಡ್ಡಿಲ್ಲದೆ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ಹಂತ ಮಾಡಿಟ್ಟಿದ್ದಾರೆ. ಮೊದಲ ಹಂತದಿಂದಲೇ ಶುರು ಮಾಡಿ, ಸಲೀಸಾಗಿ ಓದಿದರೆ ಮುಂದಿನದು ತಾನೇ ಕೇಳುತ್ತಾಳೆ.

'ಆಲು' ವಿಷಯಕ್ಕೆ ದಯವಿಟ್ಟು ಬೈಬೇಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತೇ ಹಾಗಿರುತ್ತೆ, ಮಗು ಕೇಳಿದ್ದನ್ನೇ ಬರೆಯುತ್ತೆ. ಆಡುವ ಮಾತನ್ನ ತಿದ್ದೋಕೆ ಹೋಗಬೇಡಿ, ಬಾಯಿ ಬಿಡೋದನ್ನೇ ನಿಲ್ಲಿಸಿಬಿಡ್ತಾಳೆ. ಹಾಲಿನ ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಏನಿದೆ ಅಂತ ತೋರಿಸಿ, ಅವಳು ಬರೆದದ್ದನ್ನ ಪಕ್ಕಕ್ಕಿಡಿ, ಏನು ವ್ಯತ್ಯಾಸ ಅಂತ ಅವಳೇ ಹೇಳಲಿ. ಒಂದು ವಾರ ಹ ಒಂದನ್ನೇ ಗಮನಿಸಿ. ಮಿಕ್ಕ ತಪ್ಪು ಕಂಡರೂ ಸುಮ್ನಿರಿ.

ಮೊದಲು ಕೇಳಿದ ತಾಯಿ: ಎಷ್ಟು ಹೊತ್ತು ಕೂರಿಸಬೇಕು ಮೇಡಂ? ಇಂಗ್ಲಿಷ್ ಗತಿ ಏನು?

ಉತ್ತರ: ಬರೆಯೋದು ಹತ್ತು ನಿಮಿಷ, ಓದೋದು ಇಪ್ಪತ್ತು ನಿಮಿಷ, ಸಾಕು. ಆಟ ಬಿಡಿಸಿ ಕರೆಯಬೇಡಿ, ತಿಂಡಿ ಆದಮೇಲೆ ಮಾಡಿಸಿ. ಇಂಗ್ಲಿಷ್‌ನಲ್ಲಿ ಮಲಗೋ ಮುಂಚೆ ಒಂದು ಸಣ್ಣ ಕಥೆ ಓದಿ, ನಿಮಗೆ ಕನ್ನಡದಲ್ಲಿ ಹೇಳಲಿ. ಕಥೆ ಅರ್ಥ ಆಗಿದೆಯಾ, ಸುಮ್ನೆ ಉಚ್ಚಾರ ಮಾಡ್ತಿದ್ದಾನಾ ಅನ್ನೋದು ಅಲ್ಲೇ ತಿಳಿಯುತ್ತೆ. ಮಳೆ ಪುಸ್ತಕದ ಒಂದು ಪುಟದ ಫೋಟೋ ಇಲ್ಲಿ ಹಾಕಿ, ತಿದ್ದದೆ ಹಾಗೇ ಹಾಕಿ.