ಮಾತ್ರೆ ನುಂಗಿ ಹೋಳಿಗೆ ತಿನ್ನಬಹುದಾ? ಸೀಲಿಯಾಕ್‌ಗೆ ಗ್ಲುಟೆನ್ ಎಂಜೈಮ್ ಬಗ್ಗೆ

ಚಿಕ್ಕಮಗಳೂರು_ಫಾರ್ಮಸಿ:

14 ವರ್ಷದ ಹುಡುಗಿ, ಬಯಾಪ್ಸಿಯಲ್ಲಿ ಸೀಲಿಯಾಕ್ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಸಣ್ಣಕರುಳಿಗೆ ಹಾನಿಯಾಗುವ ಕಾಯಿಲೆ) ಖಚಿತವಾಗಿದೆ. ಗೋಧಿ ಬಿಟ್ಟ ಮೇಲೆ ತೂಕ ಏರಿದೆ, ರಕ್ತಹೀನತೆ ಕಡಿಮೆಯಾಗಿದೆ. ಟಿಟಿಜಿ (ಸೀಲಿಯಾಕ್‌ಗೆ ಮಾಡುವ ರಕ್ತಪರೀಕ್ಷೆ) ಇಳಿಯುತ್ತಿದೆ, ಆದರೆ ಇನ್ನೂ ನಾರ್ಮಲ್‌ಗೆ ಬಂದಿಲ್ಲ. ಕಡೂರಿನಲ್ಲಿ ಹತ್ತಿರದವರ ಮದುವೆ ಇದೆ. ಅವರ ತಂದೆ ಆನ್‌ಲೈನ್‌ನಲ್ಲಿ ತರಿಸಿದ ಡಬ್ಬಿ ತಂದು ತೋರಿಸಿದರು. ಮೇಲೆ 'ಗ್ಲುಟೆನ್ ಜೀರ್ಣಿಸುತ್ತದೆ' ಅಂತಿದೆ. ಹಿಂದೆ ಡಿಪಿಪಿ-4, ಪಪೇನ್, ಬ್ರೊಮೆಲೈನ್ ಎಂಬ ಎಂಜೈಮ್‌ಗಳು, ಒಟ್ಟು ಮಿಶ್ರಣ 300 ಮಿಲಿಗ್ರಾಂ. ಊಟಕ್ಕೆ ಮುಂಚೆ ಎರಡು ನುಂಗಿಸಿ ಒಂದೇ ಒಂದು ಹೋಳಿಗೆ ಕೊಡಬಹುದಾ ಎಂಬುದು ಅವರ ಪ್ರಶ್ನೆ. ಬೇಡ ಅಂದಿದ್ದೇನೆ. ಆದರೆ ಬರೀ 'ಬೇಡ' ಅಂದರೆ ಅವರು ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಯಾಕೆ ಬೇಡ ಅನ್ನುವುದನ್ನು ಲೆಕ್ಕ ಸಮೇತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಾಸನ_ಉದರರೋಗ:

ನೀವು ಬೇಡ ಅಂದಿದ್ದು ಸರಿ ಸಾರ್. ಮೊದಲು ಹೋಳಿಗೆ ಲೆಕ್ಕವನ್ನೇ ಅವರ ಮುಂದೆ ಬರೆದು ತೋರಿಸಿ.

ಒಂದು ಹೋಳಿಗೆಯ ಕಣಕಕ್ಕೆ ಸುಮಾರು 25 ಗ್ರಾಂ ಮೈದಾ ಅಥವಾ ಚಿರೋಟಿ ರವೆ ಹಿಡಿಯಿರಿ. ಅದರಲ್ಲಿ ಗ್ಲುಟೆನ್ ಸುಮಾರು 8%, ಅಂದರೆ 2 ಗ್ರಾಂ, 2000 ಮಿಲಿಗ್ರಾಂ. ಸೀಲಿಯಾಕ್ ಇರುವ ಹೆಚ್ಚಿನವರಿಗೆ ದಿನಕ್ಕೆ 10 ಮಿಲಿಗ್ರಾಂವರೆಗೆ ತೊಂದರೆಯಿಲ್ಲ. ದಿನಾ 50 ಮಿಲಿಗ್ರಾಂ ಮೂರು ತಿಂಗಳು ಹೋದರೆ ಸಣ್ಣಕರುಳಿನ ವಿಲ್ಲೈಗೆ (ಆಹಾರ ಹೀರುವ ಬೆರಳಿನಂಥ ಪುಟ್ಟ ಎಳೆಗಳಿಗೆ) ಹಾನಿಯಾಗುತ್ತದೆ ಎಂದು 2007ರ ಅಧ್ಯಯನ ತೋರಿಸಿದೆ. ಈಗ ಮಾತ್ರೆ ತುಂಬಾ ಚೆನ್ನಾಗಿ ಕೆಲಸ ಮಾಡಿ 90% ಗ್ಲುಟೆನ್ ಒಡೆಯಿತು ಅಂತಲೇ ಇಟ್ಟುಕೊಳ್ಳಿ. ಉಳಿಯುವುದು 200 ಮಿಲಿಗ್ರಾಂ. ಇಪ್ಪತ್ತು ದಿನದ ಪಾಲು ಒಂದೇ ಊಟದಲ್ಲಿ.

ಆ ಡಬ್ಬಿ 90% ಒಡೆಯುವುದೂ ಇಲ್ಲ. ಗ್ಲುಟೆನ್‌ನಲ್ಲಿ ಪ್ರೋಲಿನ್, ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ಒತ್ತೊತ್ತಾಗಿವೆ. ನಮ್ಮ ದೇಹದ ಜೀರ್ಣಕಾರಿ ಎಂಜೈಮ್‌ಗಳಾದ ಪೆಪ್ಸಿನ್, ಟ್ರಿಪ್ಸಿನ್‌ಗೆ ಪ್ರೋಲಿನ್ ಪಕ್ಕದಲ್ಲಿ ಕತ್ತರಿಸಲು ಆಗುವುದಿಲ್ಲ. ಹಾಗಾಗಿ 33 ಅಮೈನೋ ಆಮ್ಲಗಳ ಒಂದು ತುಂಡು ಇಡಿಯಾಗಿ ಉಳಿದು ಕರುಳಿನ ಗೋಡೆಗೆ ತಲುಪುತ್ತದೆ. ಇದನ್ನು ಗುರುತಿಸಿದ್ದು 2002ರಲ್ಲಿ. ಪಪೇನ್, ಬ್ರೊಮೆಲೈನ್ ಕೂಡ ಇಲ್ಲಿ ಸೋಲುತ್ತವೆ. ಡಿಪಿಪಿ-4 ಪ್ರೋಲಿನ್ ಪಕ್ಕ ಕತ್ತರಿಸುತ್ತದೆ ನಿಜ, ಆದರೆ ತುದಿಯಿಂದ ಎರಡೆರಡೇ. ಅಷ್ಟು ಉದ್ದದ ತುಂಡನ್ನು ನಡುವೆ ಕಡಿಯುವ ಶಕ್ತಿ ಅದಕ್ಕಿಲ್ಲ. ಹೊಟ್ಟೆಯ ಆಮ್ಲದಲ್ಲಿ ಅದು ಕೆಲಸವನ್ನೂ ಮಾಡುವುದಿಲ್ಲ. ಕೆಲಸವೆಲ್ಲ ಮುಗಿಯಬೇಕಾದ್ದು ಜಠರದಲ್ಲೇ. ಡುವೋಡಿನಂ (ಸಣ್ಣಕರುಳಿನ ಮೊದಲ ಭಾಗ) ದಾಟಿದ ಮೇಲೆ ಒಡೆದು ಏನು ಪ್ರಯೋಜನ?

ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದಿಂದ ತೆಗೆದ ಪ್ರೋಲಿಲ್ ಎಂಡೋಪ್ರೊಟಿಯೇಸ್ ಇದಕ್ಕಿಂತ ಎಷ್ಟೋ ವಾಸಿ. ಆಮ್ಲದಲ್ಲಿ ಉಳಿಯುತ್ತದೆ, ನಡುವೆಯೇ ಕಡಿಯುತ್ತದೆ. 2017ರ ಒಂದು ಪ್ರಯೋಗದಲ್ಲಿ ಗಂಜಿಗೆ ಅರ್ಧ ಗ್ರಾಂ ಗ್ಲುಟೆನ್ ಇರುವ ಬಿಸ್ಕತ್ತು ಪುಡಿಮಾಡಿ ಹಾಕಿ ಕೊಟ್ಟಾಗ, ಜಠರದಲ್ಲಿ 80%ಕ್ಕಿಂತ ಹೆಚ್ಚು ಗ್ಲುಟೆನ್ ಒಡೆಯಿತು. ಅದು ಅರ್ಧ ಗ್ರಾಂ, ಗಂಜಿಯ ಊಟ, ಮತ್ತು ತಿಂದವರು ಸೀಲಿಯಾಕ್ ರೋಗಿಗಳಲ್ಲ. ಮದುವೆ ಊಟದ ತುಪ್ಪ, ಬೇಳೆ ಹೂರಣದ ಮಧ್ಯೆ ಸಿಕ್ಕಿಕೊಂಡ ಕಣಕಕ್ಕೆ ಎಂಜೈಮ್ ತಲುಪುವುದೇ ಕಷ್ಟ.

ಲೇಬಲ್ ಓದುವಾಗ ಮಿಲಿಗ್ರಾಂಗೆ ಬೆಲೆ ಕೊಡಬೇಡಿ. ಎಂಜೈಮ್‌ನ ಬಲ ಗೊತ್ತಾಗುವುದು ಚಟುವಟಿಕೆಯ ಯೂನಿಟ್‌ನಲ್ಲಿ. ಅದನ್ನೇ ಬರೆಯದ ಡಬ್ಬಿಯಲ್ಲಿ ಏನಿದೆ ಎಂದು ಹೇಳಲು ಬರುವುದಿಲ್ಲ.

ಪ್ರಯೋಗ_ಗಮನಿಸುವವ:

ಔಷಧಿಯಾಗಿಯೇ ತಯಾರಿಸುತ್ತಿರುವ ಎಂಜೈಮ್‌ಗಳ ಕಥೆಯನ್ನೂ ಸೇರಿಸುತ್ತೇನೆ. ಲ್ಯಾಟಿಗ್ಲುಟನೇಸ್ ಎಂಬ ಜೋಡಿ ಎಂಜೈಮ್ ಅನ್ನು 494 ರೋಗಿಗಳಲ್ಲಿ 12 ವಾರ ನೋಡಿದರು, ಫಲಿತಾಂಶ 2017ರಲ್ಲಿ ಬಂತು. ಕರುಳಿನ ಸ್ಥಿತಿಯಲ್ಲಿ ಡಮ್ಮಿ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು! ಪ್ರಯೋಗದಲ್ಲಿದ್ದಾಗ ಪಥ್ಯ ಬಿಗಿಯಾಗುತ್ತದೆ, ಬಹುಶಃ ಅದರ ಫಲ ಅದು. 2022ರಲ್ಲಿ ಇನ್ನೊಂದು ಚಿಕ್ಕ ಪ್ರಯೋಗ: ದಿನಕ್ಕೆ 2 ಗ್ರಾಂ ಗ್ಲುಟೆನ್, ಜೊತೆಗೆ 1200 ಮಿಲಿಗ್ರಾಂ ಲ್ಯಾಟಿಗ್ಲುಟನೇಸ್, 6 ವಾರ. ಹಾನಿ ಬಹಳ ಕಡಿಮೆಯಾಯಿತು. ಭರವಸೆ ಕೊಡುವ ವಿಷಯ ಇದು. ಆದರೆ ಆ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಅಂಗಡಿಯಲ್ಲಿ ಸಿಗುವುದು ಆ ಔಷಧಿಯಲ್ಲ. ಇಂಥವುಗಳ ಉದ್ದೇಶವೂ ಪಥ್ಯದ ನಡುವೆ ಗೊತ್ತಿಲ್ಲದೆ ಒಳಹೋಗುವ ಗ್ಲುಟೆನ್ ತಡೆಯುವುದು, ಹೋಳಿಗೆ ತಿನ್ನಿಸುವುದಲ್ಲ.

ಪಥ್ಯ_ಸಕಲೇಶಪುರ:

ಆ ದುಡ್ಡಿನಲ್ಲಿ ಟಿಟಿಜಿ ಯಾಕೆ ಇನ್ನೂ ಪೂರ್ತಿ ಇಳಿದಿಲ್ಲ ಎಂದು ಹುಡುಕಲಿ. ನಿಧಾನವಾಗಿ ಇಳಿಯುವುದು ಸಹಜವೇ, ಎಷ್ಟೋ ಜನರಿಗೆ ವರ್ಷ ದಾಟುತ್ತದೆ. ಆದರೂ ನಮ್ಮ ಕಡೆ ಗೋಧಿ ಕಳ್ಳದಾರಿಯಲ್ಲಿ ಬರುವ ಜಾಗಗಳನ್ನು ಒಮ್ಮೆ ತಡಕಲೇಬೇಕು.

ಮೊದಲನೆಯದು ಹಿಂಗು. ಒಗ್ಗರಣೆಯ ಡಬ್ಬಿ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಗಟ್ಟಿಯಾಗಿದ್ದ ಮಾತ್ರಕ್ಕೆ ಶುದ್ಧ ಅಂದುಕೊಳ್ಳಬೇಡಿ, ಪದಾರ್ಥಪಟ್ಟಿ ಓದಿ, ಅಕ್ಕಿ ಹಿಟ್ಟಿನದು ತನ್ನಿ. ಅಂಗಡಿಯ ಸಾರಿನ ಪುಡಿ, ಉಪ್ಪಿನಕಾಯಿಗೂ ಇದೇ ಹಿಂಗು ಹೋಗಿರುತ್ತದೆ.

ಎರಡನೆಯದು ಹಿಟ್ಟಿನ ಮಿಲ್. ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಮುದ್ದೆಯೇ ಅಪಾಯ. 20 ಪಿಪಿಎಂ ಅಂದರೆ ಕೆಜಿಗೆ 20 ಮಿಲಿಗ್ರಾಂ ಗ್ಲುಟೆನ್, ನಮ್ಮ ದೇಶದಲ್ಲಿ 'ಗ್ಲುಟೆನ್ ರಹಿತ' ಎಂದು ಬರೆಯಲು ಅದೇ ಮಿತಿ. ಕಾಲು ಗ್ರಾಂ ಗೋಧಿ ಹಿಟ್ಟು ಒಂದು ಕೆಜಿ ರಾಗಿ ಹಿಟ್ಟಿಗೆ ಸೇರಿದರೆ ಆ ಮಿತಿ ಮುಗಿಯಿತು. ಒಂದೆರಡು ಕೆಜಿ ಬೀಸಿ ಚೆಲ್ಲಿದರೆ ಕಲ್ಲು ಶುದ್ಧವಾಗುತ್ತದೆ ಎಂಬುದನ್ನು ನಂಬಬೇಡಿ. ಅಕ್ಕಿ ನೆನೆಸಿ ಮನೆಯಲ್ಲೇ ರುಬ್ಬಿಕೊಂಡರೆ ನೀರುದೋಸೆ, ಒತ್ತುಶ್ಯಾವಿಗೆ ಆಗುತ್ತದೆ. ಅಕ್ಕಿ ತರಿಯನ್ನು ಮಿಕ್ಸಿಯಲ್ಲಿ ಒಡೆದುಕೊಂಡರೆ ಕಡುಬು.

ಪ್ಯಾಕೆಟ್ ರಾಗಿ ಮಾಲ್ಟ್‌ನಲ್ಲಿ ಗೋಧಿ, ಬಾರ್ಲಿ ಇದೆಯಾ ನೋಡಿ. ಚಿಕೋರಿ ಕಾಫಿಗೆ ಹೆದರಬೇಕಿಲ್ಲ, ಚಿಕೋರಿ ಒಂದು ಬೇರು.

ಮದುವೆಗೆ: ಮನೆಯಲ್ಲೇ ಅಕ್ಕಿ ಹಿಟ್ಟಿನ ಕಣಕದಲ್ಲಿ ಹೋಳಿಗೆ ಮಾಡಿ ಡಬ್ಬಿಯಲ್ಲಿ ಒಯ್ಯಲಿ. ಹಿಟ್ಟನ್ನು ಕುದಿನೀರಲ್ಲಿ ಬೇಯಿಸಿ ಬಿಸಿಯಲ್ಲೇ ನಾದಬೇಕು, ಇಲ್ಲದಿದ್ದರೆ ಅಂಚು ಒಡೆಯುತ್ತದೆ. ಪಂಕ್ತಿಯಲ್ಲಿ ಅನ್ನ, ಮೊಸರು ತಗೊಳ್ಳಲಿ. ಸಾರಿಗೆ ಹಿಂಗು ಬಿದ್ದಿರುತ್ತದೆ, ಹಪ್ಪಳ ಕರಿದ ಎಣ್ಣೆಯಲ್ಲೇ ಪೂರಿಯೂ ಕರಿದಿರುತ್ತಾರೆ.

ಚಿಕ್ಕಮಗಳೂರು_ಫಾರ್ಮಸಿ:

ತುಂಬಾ ಉಪಕಾರವಾಯಿತು ಮೇಡಂ, ಸಾರ್. ಇನ್ನೊಂದು ಮಾತು. ಇಂಥವರು ಹೊಟ್ಟೆಯುಬ್ಬರಕ್ಕೆ ಡಯಾಸ್ಟೇಸ್-ಪೆಪ್ಸಿನ್ ಸಿರಪ್ ಕೇಳುತ್ತಾರೆ. ಪ್ಯಾಂಕ್ರಿಯಾಟಿನ್ (ಮೇದೋಜೀರಕದ ಎಂಜೈಮ್‌ಗಳ ಮಿಶ್ರಣ) ಚೀಟಿಯೂ ಬರುತ್ತದೆ. ಅವೂ ಇದೇ ಸಾಲಿಗೆ ಸೇರಿದವಾ?

ಹಾಸನ_ಉದರರೋಗ:

ಅಲ್ಲ. ಡಯಾಸ್ಟೇಸ್ ಪಿಷ್ಟ ಒಡೆಯುತ್ತದೆ, ಗ್ಲುಟೆನ್ ಮುಟ್ಟುವುದಿಲ್ಲ. ಫಂಗಲ್ (ಶಿಲೀಂಧ್ರದ) ಡಯಾಸ್ಟೇಸ್ ಆದರೆ ಪರವಾಗಿಲ್ಲ, ಮಾಲ್ಟ್ ಡಯಾಸ್ಟೇಸ್ ಬಾರ್ಲಿಯಿಂದ ಬಂದಿರಬಹುದು, ಅದನ್ನು ಕೊಡಬೇಡಿ. ಪ್ಯಾಂಕ್ರಿಯಾಟಿನ್ ಮಾತ್ರ ಕೆಲವರಿಗೆ ನಿಜವಾದ ಚಿಕಿತ್ಸೆ. ಪಥ್ಯ ಸರಿಯಿದ್ದೂ ಭೇದಿ ನಿಲ್ಲದಿದ್ದರೆ ಮಲದ ಎಲಾಸ್ಟೇಸ್ (ಮೇದೋಜೀರಕದ ಒಂದು ಎಂಜೈಮ್) ಪರೀಕ್ಷೆ ಮಾಡಿಸುತ್ತೇವೆ. ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಮೇದೋಜೀರಕದ ರಸ ಸಾಲದು ಎಂಬ ಅನುಮಾನ, ಆಗ ಬರೆದುಕೊಡುತ್ತೇವೆ. ಊಟದ ಮೊದಲ ತುತ್ತಿನ ಜೊತೆ ನುಂಗಬೇಕು, ಕ್ಯಾಪ್ಸೂಲ್ ಅಗಿಯಬಾರದು.

ಇನ್ನು, ಸೀಲಿಯಾಕ್ ಅನುಮಾನ ಮಾತ್ರ ಇದ್ದು ಪರೀಕ್ಷೆಯಾಗದವರು ಬಂದರೆ ಎಂಜೈಮ್ ಕೊಡುವುದಿರಲಿ, ಗೋಧಿ ಬಿಡಿ ಅಂತಲೂ ಹೇಳಬೇಡಿ. ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ-ಐಜಿಎ, ಒಟ್ಟು ಐಜಿಎ (ಐಜಿಎ ಒಂದು ಬಗೆಯ ಪ್ರತಿಕಾಯ) ಎರಡನ್ನೂ ಒಟ್ಟಿಗೆ ಮಾಡಿಸಲಿ. ಬಿಟ್ಟ ಮೇಲೆ ಬಂದರೆ ರಿಪೋರ್ಟ್ ಸುಳ್ಳು ನೆಗೆಟಿವ್ ಬರಬಹುದು, ಆಮೇಲೆ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಿ ಎಂಡೋಸ್ಕೋಪಿ ಮಾಡಬೇಕಾಗುತ್ತದೆ.